ಬಾಣಂತಿ ನಾಯಿಯ ಬುತ್ತಿ

ಹುಣಸೂರಿನ ಹೊಗೆಸೊಪ್ಪಿನ ಮಂಡಿಯಲ್ಲಿ ಬೇಲು, ಅಂದರೆ ಸೊಪ್ಪಿನ ದೊಡ್ಡ ಕಟ್ಟು, ಬಿಚ್ಚಿ ಗುಣ ಹೇಳುವುದು ಆಗ ನನ್ನ ಕೆಲಸ. ಮೇಲೆ ಒಳ್ಳೆ ಸೊಪ್ಪು ಜೋಡಿಸಿ ನಡುವೆ ಕಸ ತುಂಬುವವರು, ತೂಕ ಬರಲಿ ಎಂದು ನೀರು ಚಿಮುಕಿಸುವವರು, ಎಂತೆಂಥವರನ್ನೋ ಹಿಡಿದವನು ನಾನು. ಹಾಗಾಗಿ ಲೋಕದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನ ಚೊಂಬಿಗೆ ಬೆರಳು ಅದ್ದಿ ನೋಡುತ್ತಿದ್ದೆ. ದೇವಸ್ಥಾನದ ತೀರ್ಥವನ್ನೂ ಒಮ್ಮೆ ಮೂಸಿಯೇ ಕುಡಿಯುತ್ತಿದ್ದೆ! ಇಂಥವನಿಗೆ ಒಂದು ನಾಯಿಮರಿ ಆರಿಸುವುದು ಯಾವ ಮಹಾ ಕೆಲಸ?

ಆ ಧೈರ್ಯದಲ್ಲೇ ಕೊಪ್ಪದ ಪೇಟೆಗೆ ಹೋಗಿ, ಯಾರೋ ಬುಟ್ಟಿಯಲ್ಲಿಟ್ಟುಕೊಂಡು ಕೂತಿದ್ದ ಮರಿಯೊಂದನ್ನು ಎತ್ತಿದೆ. ಕಿವಿ ಮುಟ್ಟಿದೆ, ಬಾಲ ಎಳೆದೆ, ಮೂಸಿದೆ. "ಫಸ್ಟ್ ಗ್ರೇಡ್!" ಎಂದು ತೀರ್ಪು ಕೊಟ್ಟು ಮನೆಗೆ ತಂದೆ. ಅದು ಸರಿಯಾಗಿ ಕಣ್ಣು ಬಿಟ್ಟಿದೆಯೇ ಎಂಬುದೊಂದನ್ನು ನೋಡುವುದು ಮರೆತುಹೋಗಿತ್ತು. ನನ್ನ ಹೆಂಡತಿ ಜಯಮ್ಮ ಬಟ್ಟೆ ಬತ್ತಿಯನ್ನು ಹಾಲಿಗೆ ಅದ್ದಿ ಕುಡಿಸಿದಳು, ಹಳೆ ಸೀರೆಯಲ್ಲಿ ಸುತ್ತಿ ಒಲೆಯ ಪಕ್ಕ ಮಲಗಿಸಿದಳು. ಒಂಬತ್ತನೆಯ ದಿನ ಮರಿ ಏಳಲಿಲ್ಲ. ಹಿತ್ತಿಲಲ್ಲಿ ನಾನೇ ಗುಂಡಿ ತೋಡಿ ಹೂತೆ. ಮೂರನೆಯ ದಿನ ಜಯಮ್ಮ ಹೇಳಿದ್ದು ಇಷ್ಟೇ:

"ಇನ್ನೊಂದು ತರೋದಾದ್ರೆ ತಾಯಿ ನೋಡಿ ತನ್ನಿ ಕಣ್ರೀ. ಮರಿ ಮೊಲೆ ಬುಟ್ಟದಾ ನೋಡಿ, ಸಾಕಿರೋರು ಎಂಥೋರು ನೋಡಿ. ನೀವು ಇನ್ನೊಂದ್ ಗುಂಡಿ ತೋಡೋದ ನಾನು ನೋಡಾಕಿಲ್ಲ."

ಅಂದಿನಿಂದ ನನ್ನ ಅನುಮಾನ ಎರಡು ಪಟ್ಟಾಯಿತು. ಮೊದಲು ಮಿರ್ಲೆಯಲ್ಲಿದ್ದ ನನ್ನ ಷಡ್ಡಕನ ಮನೆಗೆ ಹೋದೆ. ನಾನು ಚಪ್ಪಲಿ ಬಿಡುವ ಮೊದಲೇ ಅವನು, "ನಾಕು ಮರಿ ಅವೆ, ಯಾವ್ದಾರ ತಕೊಂಡೋಗು!" ಎಂದ. ಕೇಳುವ ಮೊದಲೇ ಕೊಡುವವನ ಬೇಲಿನಲ್ಲಿ ಕಸ ಇದ್ದೇ ಇರುತ್ತದೆ. ಕಾಫಿ ಕುಡಿದು ಬರಿಗೈಯಲ್ಲಿ ವಾಪಸ್ಸು ಬಂದೆ.

"ಅವರ ನಾಯಿ ಚೆನ್ನಾಗೇ ಅದಲ್ರೀ?" ಎಂದಳು ಜಯಮ್ಮ.

"ಅದೇ ನನ್ನ ಅನುಮಾನ!" ಎಂದೆ.

ಕೊನೆಗೆ ಪಕ್ಕದ ಮನೆಯ ಗಫಾರ್ ಸಾಬರು ದಾರಿ ತೋರಿಸಿದರು. ಪಾತ್ರೆಗೆ ಕಲಾಯಿ ಹಾಕುತ್ತಾ ಸುತ್ತಮುತ್ತಲ ಊರೆಲ್ಲ ತಿರುಗುವವರು ಅವರು. "ವೀರನಹೊಸಳ್ಳಿ ಅತ್ರ ಕಾಡಂಚಿನಾಗೆ ಕಾಡುಜನದ ಹಾಡಿ ಅದೆ, ಅಲ್ಲಿ ಮಾಸ್ತಮ್ಮ ಅಂತ ಅಜ್ಜಿ ಅವಳೆ. ಎರಡು ತಿಂಗಳು ತುಂಬ್ದೆ ಮರಿ ಕೊಡಾಕಿಲ್ಲ. ದುಡ್ಡೂ ಮುಟ್ಟಾಕಿಲ್ಲ," ಎಂದರು.

ದುಡ್ಡು ಮುಟ್ಟದವರೂ ಉಂಟೇ? ಇದರಲ್ಲಿ ಏನೋ ಇದೆ! ಸಾಬರೂ ಜಯಮ್ಮನೂ ಗೋಡೆಯ ಆಚೆ ಈಚೆ ನಿಂತು ಇನ್ನೂ ಏನೇನೋ ಮಾತಾಡಿಕೊಂಡರು. ನಾನು ಕಿವಿಗೊಡಲಿಲ್ಲ. ಒಳಗೆ ಕುಳಿತು, ಮಾಸ್ತಮ್ಮನಿಗೆ ಕೇಳಬೇಕಾದ ಹದಿನಾಲ್ಕು ಪ್ರಶ್ನೆಗಳನ್ನು ಬರೆಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಜಯಮ್ಮ ಬಟ್ಟೆಯ ಗಂಟೊಂದನ್ನು ಕೈಗಿಟ್ಟು ಏನೋ ಹೇಳಿದಳು. ನನ್ನ ಮನಸ್ಸು ಹನ್ನೊಂದನೆಯ ಪ್ರಶ್ನೆಯ ಮೇಲಿತ್ತು. "ಹ್ಞೂಂ, ಹ್ಞೂಂ," ಎಂದು ಹೊರಟೆ.

ಬಸ್ಸಿನಲ್ಲಿ ಪಕ್ಕ ಕೂತ ದಪ್ಪ ಮೀಸೆಯವನು ಆ ಗಂಟನ್ನೇ ನೋಡುತ್ತಿದ್ದ. ಕಾಲ ಬಳಿ ಇದ್ದುದನ್ನು ತೊಡೆಯ ಮೇಲಿಟ್ಟುಕೊಂಡೆ. ಅವನ ಕಣ್ಣೂ ತೊಡೆಗೇ ಬಂತು. ಇಳಿಯುವಾಗ ಎಗರಿಸಿಕೊಂಡು ಹೋದರೆ? ಬಹಳ ಯೋಚಿಸಿ, ಅದಕ್ಕೆ ಅತ್ಯಂತ ಸುರಕ್ಷಿತವಾದ ಜಾಗ ನನ್ನ ಹೊಟ್ಟೆಯೇ ಎಂದು ತೀರ್ಮಾನಿಸಿದೆ. ಬಿಚ್ಚಿದರೆ ರಾಗಿ ರೊಟ್ಟಿ, ಬೇಯಿಸಿದ ಮಾಂಸದ ಚೂರು. ಉಪ್ಪಿಲ್ಲ, ಖಾರವಿಲ್ಲ! ಇವಳ ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡು, ಅದನ್ನು ಶಿಕ್ಷೆಯೆಂದೇ ಸ್ವೀಕರಿಸಿ ಒಂದು ಚೂರೂ ಬಿಡದೆ ತಿಂದೆ.

ಹಾಡಿಯಲ್ಲಿ ಮಾಸ್ತಮ್ಮ ಗುಡಿಸಲಿನ ಮುಂದೆ ಕೂತು ಬುಟ್ಟಿ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಕಂದು ಬಣ್ಣದ ನಾಯಿ, ಅದರ ಹೊಟ್ಟೆಗೆ ಒತ್ತಿಕೊಂಡು ನಾಲ್ಕು ಗುಂಡು ಮರಿಗಳು. ನಾನು ಚೀಟಿ ತೆಗೆದೆ. ವಯಸ್ಸೆಷ್ಟು? ಏನು ತಿನ್ನುತ್ತವೆ? ಕಾಯಿಲೆ ಕಸಾಲೆ? ಅಜ್ಜಿ ಬುಟ್ಟಿಯಿಂದ ಕಣ್ಣೆತ್ತದೆ ಎಲ್ಲಕ್ಕೂ ಉತ್ತರ ಕೊಟ್ಟಳು. ನಂಬಿಕೆ ಬರಲಿಲ್ಲ. ಬೇಲಿನ ನಡುವಿನ ಸೊಪ್ಪು ಎಳೆಯುವ ಅಭ್ಯಾಸದಂತೆ, ಎಲ್ಲಕ್ಕಿಂತ ಅಡಿಯಲ್ಲಿದ್ದ ಮರಿಗೆ ಕೈ ಹಾಕಿದೆ. ತಾಯಿ ಗುರ್ ಎಂದಿತು.

"ತಾಯ್ಗೆ ಏನ್ ತಂದೆ?" ಎಂದಳು ಅಜ್ಜಿ.

ಬಂತಲ್ಲ ಬಣ್ಣ ಬಯಲಿಗೆ! "ದುಡ್ಡು ಮುಟ್ಟೋದಿಲ್ಲ ಅಂದ್ರಲ್ಲಾ?" ಎಂದೆ, ಕಳ್ಳನನ್ನು ಹಿಡಿದವನಂತೆ.

"ದುಡ್ಡ ನಾಯಿ ತಿಂದದಾ? ಬಾಣಂತಿ ಹೊಟ್ಟೆಗೆ ಆಕ್ದೆ ಮರಿ ಎತ್ತಬಾರ್ದು ಕಣಪ್ಪ. ನಿನ್ ಎಂಡ್ರು ರೊಟ್ಟಿ, ಮಾಂಸ ಕಳಿಸ್ತಾಳೆ ಅಂತ ಕಲಾಯಿ ಸಾಬ್ರು ಯೋಳವ್ರೆ. ಎಲ್ಲದೆ?"

ನನ್ನ ಹೊಟ್ಟೆ ಆ ಕ್ಷಣವೇ ಗುಡುಗಿತು. ತಾಯಿ ನಾಯಿ ಎದ್ದು ಬಂದು ನನ್ನ ಬಲಗೈ ಮೂಸಿತು. ಐದು ಬೆರಳನ್ನೂ ಒಂದೊಂದಾಗಿ ನೆಕ್ಕಿತು. ತನಿಖೆ ಮುಗಿಯಿತು!

"ನಾಯಿ ಬುತ್ತಿ ನೀನೇ ತಿಂದ್ಯಾ?" ಅಜ್ಜಿ ಮೊದಲ ಸಲ ಬುಟ್ಟಿ ಕೆಳಗಿಟ್ಟಳು. ಈಗ ಪ್ರಶ್ನೆಗಳು ಅವಳವು. ಮುಂಚೆ ನಾಯಿ ಸಾಕಿದ್ಯಾ? ಅದೇನಾಯ್ತು? ಎಷ್ಟು ದಿನದ ಮರಿ ತಂದಿದ್ದೆ? ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಮಂಡಿಯಲ್ಲಿ ನೀರು ಚಿಮುಕಿಸಿ ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಆಗ ನನ್ನದೂ ಹಾಗೇ ಇತ್ತು.

"ನಿನ್ನ ನಂಬಿ ಕೊಡಾಕಾಗಾಕಿಲ್ಲ. ಎಂಡ್ರು ಬರ್ಲಿ, ನೋಡಾನ," ಎಂದು ಅಜ್ಜಿ ಬುಟ್ಟಿ ಎತ್ತಿಕೊಂಡಳು. ಸೊಪ್ಪು ತಿರಸ್ಕೃತವಾಯಿತು!

ಮನೆಗೆ ಬಂದು ಎಲ್ಲ ಹೇಳಿದೆ. ಜಯಮ್ಮ ಬೈಯಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆ ಮರಿ ಸತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನನಗೆ ಅಷ್ಟೇ ಸಾಕಾಗಿತ್ತು.

ಮುಂದಿನ ಭಾನುವಾರ ಇಬ್ಬರೂ ಹೋದೆವು. ಬಸ್ಸಿನಲ್ಲಿ ಜಯಮ್ಮ ಬುತ್ತಿಯನ್ನು ನನಗೆ ಎಟುಕದ ಕಡೆ, ಕಿಟಕಿಯ ಪಕ್ಕ ಇಟ್ಟುಕೊಂಡಳು. ಹಾಡಿಯಲ್ಲಿ ಅವಳು ತಾಯಿ ನಾಯಿಗೆ ರೊಟ್ಟಿ ಮುರಿದು ಹಾಕಿ, ಅದು ತಿಂದು ಮುಗಿಸುವವರೆಗೂ ಸುಮ್ಮನೆ ಪಕ್ಕದಲ್ಲಿ ಕೂತಳು. ಒಂದೂ ಪ್ರಶ್ನೆ ಕೇಳಲಿಲ್ಲ. ಅಜ್ಜಿಯೇ ಒಂದು ಮರಿಯನ್ನೆತ್ತಿ ಅವಳ ಮಡಿಲಿಗೆ ಹಾಕಿದಳು. "ಇದ್ಕೆ ನೀನೇ ಊಟ ಆಕವ್ವ. ಇವನ ಕೈಗೆ ತಟ್ಟೆ ಕೊಡಬ್ಯಾಡ," ಎಂದಳು.

ಮರಿ ಬದುಕಿತು, ಬೆಳೆಯಿತು, ಬಾಗಿಲು ತುಂಬುವಷ್ಟಾಯಿತು. ಹಾಲಿನವನು ಬಂದರೆ ಬಾಲ ಆಡಿಸುತ್ತದೆ, ಗಫಾರ್ ಸಾಬರ ಕಾಲಿಗೆ ಬೀಳುತ್ತದೆ, ಅಪರಿಚಿತರಿಗೂ ದಾರಿ ಬಿಡುತ್ತದೆ. ಲೋಕದಲ್ಲಿ ಅದಕ್ಕೆ ಯಾರ ಮೇಲೂ ಅನುಮಾನವಿಲ್ಲ. ನಾನು ಅದರ ತಟ್ಟೆಯ ಪಕ್ಕ ಹಾದುಹೋದರೆ ಮಾತ್ರ, ಗುರ್ ಎನ್ನುತ್ತಾ ಬೇಗ ಬೇಗ ತಿಂದು ಮುಗಿಸುತ್ತದೆ.