ಮೈಕಿನಲ್ಲಿ ಹಾಕಿದ ಮದ್ದು

ಶಿವನಂಜಪ್ಪನವರಿಗೆ ಈ ಲೋಕದ ಮೇಲಿದ್ದ ದೂರು ಒಂದೇ. ತಾವು ಹೇಳಿದ್ದನ್ನು ಊರೆಲ್ಲ ಕೇಳುತ್ತದೆ, ಹೆಂಡತಿ ಮಾತ್ರ ಕೇಳುವುದಿಲ್ಲ. (ಊರು ಕೇಳುತ್ತದೆ ಎಂಬುದೂ ಅವರ ಹೇಳಿಕೆಯೇ. ಊರನ್ನು ಯಾರೂ ವಿಚಾರಿಸಿಲ್ಲ.)

ಮುತ್ತಂಗದ ಚೆಕ್‌ಪೋಸ್ಟಿನಿಂದ ಸ್ವಲ್ಪ ಈಚೆಗೆ, ಗಡಿಯ ಮಲಯಾಳದ ಕಡೆ, ಹೆದ್ದಾರಿಯ ಪಕ್ಕದಲ್ಲಿ ಅವರದೊಂದು ದಿನಸಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅವರ ತಾತ ಗುಂಡ್ಲುಪೇಟೆ ಕಡೆಯಿಂದ ಕಾಡು ದಾಟಿ ಬಂದು ಇಲ್ಲಿ ನೆಲೆ ನಿಂತವರು. ಶಿವನಂಜಪ್ಪನವರು ಓದಿದ್ದು ಮಲಯಾಳಂ ಶಾಲೆಯಲ್ಲಿ, ಅರ್ಜಿ ಬರೆಯುವುದು ಮಲಯಾಳದಲ್ಲಿ, ಪೇಪರು ಓದುವುದು ಮಲಯಾಳದಲ್ಲಿ, ಹೆಂಡತಿಯ ಜೊತೆ ಜಗಳವಾಡುವುದು ಮಾತ್ರ ಕನ್ನಡದಲ್ಲಿ. ಹೀಗಾಗಿ ಎರಡು ಭಾಷೆಯಲ್ಲೂ ತಾವು ಪಂಡಿತರು ಎಂದು ಅವರು ಬಲವಾಗಿ ನಂಬಿದ್ದರು.

ಕೊರೋನಾದ ಎರಡನೇ ಅಲೆ ಇಳಿಯುತ್ತಿದ್ದ ಮಳೆಗಾಲ ಅದು. ಊರಿನಲ್ಲಿ ಎರಡು ಪಕ್ಷಗಳಾಗಿದ್ದವು. ಎದುರಿನ ಚಹಾದಂಗಡಿಯ ಸುಧೀಷನದು ತೆರೆಯುವ ಪಕ್ಷ. ಎಲ್ಲ ಅಂಗಡಿ ತೆಗೆಯಲಿ, ಬೆಂಚಿನ ಮೇಲೆ ಜನ ಕೂರಲಿ, ಚಹಾ ಕುಡಿದವರು ಯಾರೂ ಸಾಯುವುದಿಲ್ಲ ಎನ್ನುವುದು ಅವನ ವಾದ. ಶಿವನಂಜಪ್ಪನವರದು ಮುಚ್ಚುವ ಪಕ್ಷ. ಆ ಪಕ್ಷದ ಅಧ್ಯಕ್ಷರೂ ಅವರೇ, ಏಕೈಕ ಸದಸ್ಯರೂ ಅವರೇ. ಮೂಗಿನ ಮೇಲೆ ಎರಡು ಮಾಸ್ಕು. ಅಂಗಡಿಯ ಮುಂದೆ ಹಗ್ಗ. ಸಾಮಾನು ಕೊಡುವುದು ಇಳಿಜಾರಾಗಿ ಕಟ್ಟಿದ ಪೈಪಿನೊಳಗಿಂದ. ಬೇಳೆ, ಬೆಲ್ಲ, ಸೋಪು ಸರಾಗವಾಗಿ ಜಾರಿ ಬರುತ್ತಿದ್ದವು. ಮೊಟ್ಟೆ ಕೇಳಿದವರು ಮಾತ್ರ ಮತ್ತೆ ಕೇಳಲಿಲ್ಲ.

ಇಷ್ಟೆಲ್ಲ ಮಾಡಿದ್ದು ಶಿಸ್ತಿನ ಮೇಲಿನ ಪ್ರೀತಿಯಿಂದಲ್ಲ, ಹೆದರಿಕೆಯಿಂದ. ಹೆಂಡತಿ ಸಣ್ಣಮ್ಮನವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೇ ತಿಂಗಳಲ್ಲಿ ಶಿವನಂಜಪ್ಪನವರ ಚಿಕ್ಕಪ್ಪನ ಮಗ, ಅವನೂ ಸಕ್ಕರೆಯವನೇ, ತಾನೇ ನಡೆದುಕೊಂಡು ಆಸ್ಪತ್ರೆಗೆ ಹೋದವನು ಮನೆಗೆ ವಾಪಸು ಬರಲಿಲ್ಲ. ಅಂದಿನಿಂದ ಸಣ್ಣಮ್ಮ ಒಗ್ಗರಣೆಯ ಘಾಟಿಗೆ ಕೆಮ್ಮಿದರೂ ಇವರಿಗೆ ಎದೆ ಧಸಕ್ಕೆನ್ನುತ್ತಿತ್ತು. ತಾವೇನೋ ಒಬ್ಬರೇ ಹೋಗಿ ಎರಡೂ ಡೋಸು ಹಾಕಿಸಿಕೊಂಡು ಬಂದಿದ್ದರು. ಆಕೆಗೂ ಒಂದು ಡೋಸಾದರೂ ಆಗಿಬಿಟ್ಟರೆ ನೆಮ್ಮದಿಯಾಗಿ ಊಟ ಮಾಡುತ್ತೇನೆ ಎಂದು ಅವರ ಮನಸ್ಸಿನಲ್ಲಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಮೂವತ್ತೈದು ವರ್ಷದ ಸಂಸಾರದಲ್ಲಿ ಅಂಥ ಮಾತು ಆಡಿ ಅಭ್ಯಾಸವಿಲ್ಲ. ಆದ್ದರಿಂದ ಅವರು ಹೆದರಿಕೆ ಹೇಳುವ ಬದಲು ಸರ್ಕಾರದ ನಿಯಮ ಹೇಳುತ್ತಿದ್ದರು.

ಒಂದು ದಿನ ವಾರ್ಡ್ ಮೆಂಬರ್ ಶ್ರೀಧರನ್ ಅಂಗಡಿಗೆ ಬಂದ. ವಾರ್ಡಿನಲ್ಲಿ ಮಲಯಾಳಿಗಳೆಲ್ಲ ಡೋಸು ಹಾಕಿಸಿಕೊಂಡು ಮುಗಿಯುತ್ತ ಬಂದಿದೆ, ಕನ್ನಡದ ಹದಿನೇಳು ಮನೆಗಳ ಹಿರಿಯರು ಮಾತ್ರ ಬರುತ್ತಿಲ್ಲ ಎಂಬುದು ಅವನ ತಲೆನೋವು.

"ನಂಜಪ್ಪೇಟ್ಟಾ, ನಿಮ್ಮ ಭಾಷೆಯಲ್ಲಿ ನೀವೇ ಒಂದು ಅನೌನ್ಸ್‌ಮೆಂಟ್ ಮಾಡಬೇಕು. ಜೀಪು ನಮ್ಮದು, ಮೈಕು ನಮ್ಮದು," ಎಂದ. (ಮಲಯಾಳಿಗಳಿಗೆ ಅವರು ನಂಜಪ್ಪೇಟ್ಟನ್, ಅಂದರೆ ನಂಜಪ್ಪಣ್ಣ.)

ಮೈಕು ಎಂಬ ಮಾತು ಕಿವಿಗೆ ಬಿದ್ದಮೇಲೆ ಶಿವನಂಜಪ್ಪನವರು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ. ಶ್ರೀಧರನ್ ಕೊಟ್ಟ ಚೀಟಿಯಲ್ಲಿ ಮಲಯಾಳದಲ್ಲಿ 'ಕುತ್ತಿವೆಪ್ಪ್' ಎಂದಿತ್ತು. ಅದಕ್ಕೆ ಕನ್ನಡ ಏನು? ರೇಡಿಯೋದಲ್ಲಿ 'ಲಸಿಕೆ' ಎನ್ನುತ್ತಾರೆ. ಆದರೆ ಅದು ಲಸ್ಸಿಯ ತಂಗಿಯ ಹಾಗೆ ಕೇಳುತ್ತದೆ, ನಮ್ಮ ಜನ ಲೋಟ ಹಿಡಿದುಕೊಂಡು ಬಂದಾರು ಎಂದು ಅವರು ಅದನ್ನು ಕೈಬಿಟ್ಟರು. ಅಚ್ಚಗನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕೆಂದು ತೀರ್ಮಾನಿಸಿದರು. ಸಂಜೆ ಜೀಪು ಹೊರಟಿತು.

"ಮಾನ್ಯ ನಾಗರಿಕ ಬಂಧುಗಳೇ, ನಾಳೆ ಬೆಳಗ್ಗೆ ಹತ್ತು ಗಂಟೆಗೆ ಅಂಗನವಾಡಿಯ ಬಳಿ ತಮಗೆಲ್ಲರಿಗೂ ಮದ್ದು ಹಾಕಲಾಗುವುದು. ಮೊದಲು ವಯಸ್ಸಾದವರಿಗೆ ಹಾಕಲಾಗುವುದು. ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಬರಲಾಗದವರಿಗೆ ಮನೆಗೇ ಬಂದು ಹಾಕಲಾಗುವುದು."

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಗಡಿಯ ಆಚೀಚೆಯ ನಮ್ಮ ಹೆಂಗಸರ ಮಾತಿನಲ್ಲಿ ಮದ್ದು ಕೊಟ್ಟರೆ ಔಷಧಿ, ಮದ್ದು ಹಾಕಿದರೆ ಕೇಡು. ಆಗದವರು ಊಟದಲ್ಲಿ ಗುಟ್ಟಾಗಿ ಬೆರೆಸಿಡುವ ಪದಾರ್ಥ ಅದು. ತಿಂದವನು ಸೊರಗುತ್ತಾನೆ, ಅನ್ನ ಸೇರುವುದಿಲ್ಲ, ಹಾಕಿದವರು ಹೇಳಿದ ಹಾಗೆಲ್ಲ ಕುಣಿಯುತ್ತಾನೆ. ಇದು ಶಿವನಂಜಪ್ಪನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಮೈಕು ಕೈಗೆ ಬಂದಾಗ ಮನುಷ್ಯನಿಗೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಮರುದಿನ ಹತ್ತು ಗಂಟೆಗೆ ಅಂಗನವಾಡಿಯಲ್ಲಿ ನರ್ಸು ಇದ್ದರು, ಆಶಾ ಕಾರ್ಯಕರ್ತೆ ಅಶ್ವತಿ ಇದ್ದಳು, ಐಸಿನ ಪೆಟ್ಟಿಗೆ ಇತ್ತು. ಹದಿನೇಳರಲ್ಲಿ ಹದಿನಾರು ಮನೆಗಳಿಗೆ ಬೀಗ. ಅರ್ಧ ಜನ ಸೌದೆಗೆ ಹೋಗಿದ್ದರು, ಅರ್ಧ ಜನ ಶುಂಠಿ ಹೊಲಕ್ಕೆ. ನಡೆಯಲಾಗದ ಒಬ್ಬ ಮುದುಕಿ ಮಂಚದ ಕೆಳಗೆ ಸಿಕ್ಕಿದಳು, ಆದರೆ ಹೊರಗೆ ಬರಲು ಒಪ್ಪಲಿಲ್ಲ. ಸಣ್ಣಮ್ಮನವರು ಎಲ್ಲಿಗೂ ಹೋಗಿರಲಿಲ್ಲ. ಮನೆಯಲ್ಲೇ ಕೂತು ನೆನೆಹಾಕಿದ ಅವರೆಕಾಳು ಹಿಸುಕುತ್ತಿದ್ದರು.

"ನೀನ್ಯಾಕೆ ಬರ್ಲಿಲ್ಲ?" ಎಂದರು ಶಿವನಂಜಪ್ಪನವರು.

"ಮದ್ದು ಹಾಕೋರು ಕದ್ದು ಹಾಕೋದ ಕೇಳಿವ್ನಿ. ಜೀಪಲ್ಲಿ ಕೂಗ್ಕಂಡು ಹಾಕೋರ್ನ ಇದೇ ಮೊದ್ಲು ನೋಡಿದ್ದು."

"ಅದು ಆ ಮದ್ದಲ್ಲ, ಈ ಮದ್ದು ಕನಾ."

"ಯಾವ ಮದ್ದಾದ್ರೇನು, ಹಾಕೋದೇ ತಾನೆ?"

"ಹಾಕೋದು ಸರ್ಕಾರ. ಬೇರೆ ಯಾರೋ ಅಲ್ಲ."

"ಸರ್ಕಾರಕ್ಕೆ ನಮ್ಮ ಮ್ಯಾಲೆ ಏನಂತೆ ಅಷ್ಟೊಂದು ಸಿಟ್ಟು?"

ಮಾತಿನಲ್ಲಿ ಸೋಲುವ ಹಾಗಾದಾಗ ಶಿವನಂಜಪ್ಪನವರು ನಿಯಮ ಮಾಡುವುದು ವಾಡಿಕೆ. ಲಸಿಕೆ ಇಲ್ಲದವರು ಯಾರೇ ಆಗಲಿ, ಸ್ವಂತ ಹೆಂಡತಿಯೇ ಆಗಲಿ, ಇನ್ನುಮೇಲೆ ಅಂಗಡಿಯೊಳಗೆ ಕಾಲಿಡುವಂತಿಲ್ಲ ಎಂದರು. ಸಣ್ಣಮ್ಮ ಅವರೆಕಾಳಿನಿಂದ ತಲೆ ಎತ್ತದೆ, ಹಾಗಾದರೆ ಮದ್ದು ಹಾಕಿಸಿಕೊಂಡವರು ಯಾರೇ ಆಗಲಿ, ಸ್ವಂತ ಗಂಡನೇ ಆಗಲಿ, ಅಡಿಗೆಮನೆಗೆ ಬರುವಂತಿಲ್ಲ ಎಂದರು. ಎರಡೂ ನಿಯಮಗಳು ಕೂಡಲೇ ಜಾರಿಗೆ ಬಂದವು. ಅಂದಿನಿಂದ ಶಿವನಂಜಪ್ಪನವರ ತಟ್ಟೆ ಜಗಲಿಗೆ ಬಂತು.

ಆದರೆ ಈ ಜಗಳದ ನಡುವೆ ಸಣ್ಣಮ್ಮನವರಿಗೆ ಒಂದು ಯೋಚನೆ ಹತ್ತಿಕೊಂಡಿತು. ಗಂಡನಿಗೆ ಎರಡೂ ಡೋಸ್ ಆಗಿದೆ. ಅಂದರೆ ಎರಡು ಸಲ ಮದ್ದು ಬಿದ್ದಿದೆ. ಲಕ್ಷಣಗಳೆಲ್ಲ ಕಣ್ಣೆದುರಿಗೇ ಇವೆ. ಮನುಷ್ಯ ಸೊರಗಿದ್ದಾರೆ, ಮುದ್ದೆ ಅರ್ಧಕ್ಕೆ ಬಿಟ್ಟು ಏಳುತ್ತಾರೆ. (ಹೆಂಡತಿಯ ಚಿಂತೆಯಲ್ಲಿ ಊಟ ಸೇರುತ್ತಿರಲಿಲ್ಲ ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು?) ಎಲ್ಲಕ್ಕಿಂತ ಮುಖ್ಯವಾಗಿ, ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದಿದ್ದವರು ಈಗ ಸರ್ಕಾರ ಕೈ ತೊಳೆ ಎಂದರೆ ತೊಳೆಯುತ್ತಾರೆ, ದೂರ ನಿಲ್ಲು ಎಂದರೆ ನಿಲ್ಲುತ್ತಾರೆ. ಹಾಕಿದವರ ಮಾತು ಕೇಳುವುದು ಎಂದರೆ ಇದೇ ಅಲ್ಲವೇ? ಜಗಳ ಏನೇ ಇರಲಿ, ಇದ್ದ ಒಬ್ಬ ಗಂಡನನ್ನು ಹೀಗೆ ಕಳೆದುಕೊಳ್ಳಲು ಆಕೆ ತಯಾರಿರಲಿಲ್ಲ. ಹೆಗ್ಗಡದೇವನಕೋಟೆಯ ಕಡೆ ಇದ್ದ ಅತ್ತಿಗೆಗೆ ಫೋನು ಮಾಡಿದರು. ಮದ್ದು ತೆಗೆಯುವ ವಿಚಾರದಲ್ಲಿ ಅತ್ತಿಗೆಯದು ಆ ಸೀಮೆಯಲ್ಲೇ ಎತ್ತಿದ ಕೈ. ಹಿತ್ತಲಿನಲ್ಲಿ ಸಿಗುವ ಯಾವುದೋ ಸೊಪ್ಪು, ಅದರ ರಸ, ಮಜ್ಜಿಗೆ, ಖಾಲಿ ಹೊಟ್ಟೆ. ಆ ಸೊಪ್ಪು ಯಾವುದೆಂದು ಆಕೆ ಇವತ್ತಿಗೂ ಯಾರಿಗೂ ಹೇಳಿಲ್ಲ, ಹೇಳದಿರುವುದೇ ಒಳ್ಳೆಯದು.

ಶನಿವಾರ ಬೆಳಗ್ಗೆ ಅಂಗನವಾಡಿಯ ಜಗಲಿಯಲ್ಲಿ ವಾರ್ಡಿನ ಸಭೆ ಇತ್ತು. ಹೊರಡುವ ಮುಂಚೆ ಸಣ್ಣಮ್ಮ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದುಕೊಟ್ಟರು.

"ಮಾತಾಡ್ಬೇಕಲ್ಲ, ಗಂಟ್ಲು ಒಣಗ್ತದೆ, ಕುಡೀರಿ."

ಹೆಂಡತಿ ಸೋತು ದಾರಿಗೆ ಬಂದಳೆಂದು ಶಿವನಂಜಪ್ಪನವರು ಹಿಗ್ಗಿಹೋದರು. ಮಜ್ಜಿಗೆ ಕಹಿಯಾಗಿತ್ತು. ಹಿಗ್ಗಿನಲ್ಲಿ ಅದನ್ನೂ ಲೆಕ್ಕಿಸದೆ ಒಂದೇ ಗುಟುಕಿಗೆ ಮುಗಿಸಿದರು.

ಸಭೆಯಲ್ಲಿ ಮೊದಲು ಎದ್ದವನು ಸುಧೀಷ್.

"ಸಾಕು ಈ ಮುಚ್ಚೋದು. ಒಬ್ಬನಿಗೆ ಸೀನು ಬಂದ್ರೆ ವಾರ್ಡೇ ಬಂದ್ ಮಾಡಿದ್ರೆ ನಾವು ಎಂತಾ ಮಾಡೋದು?" ಎಂದು ಅವನು ಎರಡು ಭಾಷೆಯನ್ನೂ ಕಲಸಿ ಕೇಳಿದ. ಜನ ತಲೆದೂಗಿದರು.

ಶಿವನಂಜಪ್ಪನವರು ನಿಧಾನವಾಗಿ ಎದ್ದು ನಿಂತರು. ತೆರೆಯುವುದಾದರೆ ತೆರೆಯಲಿ, ಆದರೆ ಒಂದು ಷರತ್ತು ಇರಲಿ ಎಂದರು. ಕೆಮ್ಮು, ಜ್ವರ, ಭೇದಿ, ವಾಂತಿ, ಯಾವುದೇ ಲಕ್ಷಣ ಕಂಡರೂ ಆ ಮನುಷ್ಯ ಆ ಕ್ಷಣದಿಂದ ಹತ್ತು ದಿನ ಬಾಗಿಲು ಹಾಕಿಕೊಂಡು ಒಂದೇ ಕೋಣೆಯಲ್ಲಿರಬೇಕು. ಟೆಸ್ಟಿನಲ್ಲಿ ಇಲ್ಲ ಅಂತ ಬಂದರೂ ಇರಬೇಕು. ವಾರ್ಡ್ ಮೆಂಬರನೇ ಆಗಲಿ, ಅವನ ಅಪ್ಪನೇ ಆಗಲಿ. ಶ್ರೀಧರನ್ ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ. "ಈ ವಿಷಯದಲ್ಲಿ ಯಾರಿಗೂ ಯಾವ ವಿನಾಯಿತಿಯೂ..." ಎಂದವರು ಅಲ್ಲಿಗೇ ನಿಂತರು. ಮುಖ ಬೆವರಿತು. ಹೊಟ್ಟೆಯೊಳಗಿಂದ ಏನೋ ಮಾತಾಡಲು ಎದ್ದು ಬಂತು. ಎರಡು ಮಾಸ್ಕುಗಳಲ್ಲಿ ಒಂದನ್ನು ಇಳಿಸುವಷ್ಟು ಮಾತ್ರ ಅವರಿಗೆ ಪುರಸೊತ್ತು ಸಿಕ್ಕಿತು.

ಸಭೆ ನಾಲ್ಕು ದಿಕ್ಕಿಗೂ ಸರಿಯಿತು. ಸುಧೀಷ್ ಮಾತ್ರ ಆರಡಿ ದೂರ ಅಳೆದು ನಿಂತು, ತುಂಬ ಮರ್ಯಾದೆಯಿಂದ, "ನಂಜಪ್ಪೇಟ್ಟಾ, ನೀವು ಹೇಳಿದ್ದು ಶರಿ. ಆ ಕ್ಷಣದಿಂದ ಅಂತ ಬರೆದಾಗಿದೆ, ನಡೀರಿ," ಎಂದ.

ಮನೆಯ ಹಿಂಬದಿಯಲ್ಲಿ ಗೋಣಿಚೀಲ ಇಡುವ ಕೋಣೆ ಖಾಲಿ ಮಾಡಿ ಅವರನ್ನು ಒಳಗೆ ಬಿಟ್ಟರು. ಮೂರನೆಯ ದಿನ ಟೆಸ್ಟಿನ ಫಲಿತಾಂಶ ಬಂತು. ರೋಗ ಇಲ್ಲ. ಹೊರಗೆ ಬರುವುದಕ್ಕೆ ಮನಸ್ಸೇನೋ ಇತ್ತು, ಆದರೆ ಪುಸ್ತಕದಲ್ಲಿದ್ದ ನಿರ್ಣಯಕ್ಕೆ ಸೂಚಕರು ಅವರೇ. ಒಳಗೇ ಉಳಿದರು.

ಇತ್ತ ಸಣ್ಣಮ್ಮನವರಿಗೆ ನಿದ್ದೆ ಇಲ್ಲ. ಅಷ್ಟೆಲ್ಲ ವಾಂತಿಯಾಗಿ ನಿತ್ರಾಣರಾದ ಗಂಡನನ್ನು ಕಂಡು ಹೊಟ್ಟೆ ಉರಿದಿತ್ತು. ತಾನೇ ಮಾಡಿದ್ದು ಎಂಬ ಸಂಕಟ ಬೇರೆ. ಹೋಗಲಿ, ಮದ್ದಾದರೂ ಹೊರಗೆ ಬಂತಲ್ಲ ಎಂದರೆ ಅದೂ ಇಲ್ಲ. ರೋಗ ಇಲ್ಲವೆಂದ ಮೇಲೂ ಈ ಮನುಷ್ಯ ಕೋಣೆ ಬಿಟ್ಟು ಬರುತ್ತಿಲ್ಲ, ಇನ್ನೂ ಸರ್ಕಾರದ ಮಾತೇ ಕೇಳುತ್ತಿದ್ದಾರೆ. ನಾಲ್ಕನೆಯ ದಿನ ಅಶ್ವತಿ ಬೆರಳಿಗೆ ಸಿಕ್ಕಿಸುವ ಯಂತ್ರ ಹಿಡಿದು ಬಂದಾಗ ಸಣ್ಣಮ್ಮ ಆಕೆಯನ್ನು ಹಿತ್ತಲಿಗೆ ಕರೆದು, ಸೊಪ್ಪು, ಮಜ್ಜಿಗೆ, ಅತ್ತಿಗೆ ಎಲ್ಲವನ್ನೂ ಹೇಳಿ ಕಣ್ಣೊರೆಸಿಕೊಂಡರು.

ಅಶ್ವತಿ ಈ ಅಂಗಡಿಯ ಗಿರಾಕಿಗಳಿಂದ ಕನ್ನಡ ಕಲಿತವಳು, ಆದರೂ ಅಕ್ಕನಿಗೆ ಚೇಚಿ, ಮಕ್ಕಳಿಗೆ ಕುಟ್ಟಿ ಎಂದೇ ಬಾಯಿಗೆ ಬರುತ್ತಿತ್ತು. ನಗು ತಡೆದುಕೊಂಡಳು.

"ಅಯ್ಯೋ ಚೇಚಿ, ಇದು ನೀವು ಹೇಳೋ ಮದ್ದಲ್ಲ. ಸೂಜಿ ಅಷ್ಟೇ. ನಿಮ್ಮ ಕುಟ್ಟಿಗಳಿಗೆ ಹಾಕಿಸಿಲ್ವಾ? ಹಸುವಿಗೂ ಮೊನ್ನೆ ಹಾಕಿದ್ರು."

"ಸೂಜಿನಾ?"

"ಸೂಜಿನೇ."

"ಮೂರು ಮಕ್ಕಳಿಗೂ ತಪ್ಪದೆ ಹಾಕ್ಸಿವ್ನಿ. ಸೂಜಿ ಅಂತ ಒಂದು ಮಾತಂದಿದ್ರೆ ಮೊದಲ್ನೇ ದಿನವೇ ಬತ್ತಿದ್ದೆ," ಎಂದರು ಸಣ್ಣಮ್ಮ. "ನಮ್ಮನೆಯೋರಿಗೆ ಮಾತಾಡಕ್ಕೆ ಬರಾಕಿಲ್ಲ ಕನವ್ವ. ಅವ್ರ ಕೈಗ್ಯಾಕೆ ಮೈಕು ಕೊಟ್ರಿ?"

ಅದೇ ಮಧ್ಯಾಹ್ನ ಸಣ್ಣಮ್ಮ ಹದಿನೇಳು ಮನೆಗಳಿಗೂ ಹೋಗಿಬಂದರು. ಜೀಪಿಲ್ಲ, ಮೈಕಿಲ್ಲ. ಮರುದಿನವೇ ಸಣ್ಣಮ್ಮನವರೂ ಹದಿನೇಳು ಮನೆಯವರೂ ಸಾಲಾಗಿ ನಿಂತು ಸೂಜಿ ಹಾಕಿಸಿಕೊಂಡರು, ಮಂಚದ ಕೆಳಗಿನ ಮುದುಕಿಯೂ ಸೇರಿದಂತೆ. ಶ್ರೀಧರನ್ ಇವರ ಮನೆಯ ಹಿತ್ತಲಿಗೇ ಬಂದು ಸಣ್ಣಮ್ಮನವರಿಗೆ ಶಾಲು ಹೊದಿಸಿದ. ಸುಧೀಷ್ ಎಲ್ಲರಿಗೂ ಚಹಾ ಕೊಟ್ಟ. ಮೈಕು ಹಿಡಿದು ಸುತ್ತಿದವರು ಈ ಸಮಾರಂಭವನ್ನು ಗೋಣಿ ಕೋಣೆಯ ಕಿಟಕಿಯಿಂದ ನೋಡಿದರು.

ಹತ್ತು ದಿನ ಮುಗಿದು ಹೊರಗೆ ಬಂದಾಗ ಸಣ್ಣಮ್ಮ ಬಿಸಿನೀರು ಕಾಯಿಸಿಟ್ಟು, ಅಡಿಗೆಮನೆಯಲ್ಲೇ ಎಲೆ ಹಾಕಿ ಬಡಿಸಿದರು. ಆಮೇಲೆ, "ಒಂದು ಮಾತು ಏಳ್ತಿನಿ, ಬೈಬ್ಯಾಡಿ," ಎಂದು ಮಜ್ಜಿಗೆಯ ಕಥೆಯನ್ನು ಪೂರ್ತಿ ಒಪ್ಪಿಸಿದರು. "ನೀವು ಕೈಬುಟ್ಟು ಹೋಯ್ತೀರಿ ಅಂತ ಭಯ ಆಯ್ತು ಕಣಿ. ಅದ್ಕೇ ಹಂಗ್ ಮಾಡ್ದೆ."

ಶಿವನಂಜಪ್ಪನವರು ಬೈಯಲಿಲ್ಲ. ಅನ್ನ ಕಲಸುತ್ತ, "ನನಗೂ ನಿನ್ನ ವಿಷಯದಲ್ಲಿ ಅದೇ ಭಯ ಇತ್ತು," ಎಂದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ. ಸಣ್ಣಮ್ಮನವರು ಇನ್ನೊಂದು ಸೌಟು ಸಾರು ಬಡಿಸಿದರು.

ಊಟ ಮುಗಿಯುವ ಹೊತ್ತಿಗೆ ಮಾತ್ರ ಶಿವನಂಜಪ್ಪನವರ ಮುಖದಲ್ಲಿ ಏನೋ ಚಿಂತೆ ಕಾಣಿಸಿಕೊಂಡಿತು. ಬೆರಳು ಮಡಿಚಿ ತಾರೀಖು ಎಣಿಸಿದರು. ಎರಡನೆಯ ಡೋಸು ಆದದ್ದು ಯಾವಾಗ, ಮಜ್ಜಿಗೆ ಕುಡಿದದ್ದು ಯಾವಾಗ. ಸಂಜೆ ಅಶ್ವತಿ ಹತ್ತು ದಿನ ಮುಗಿದದ್ದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದಾಗ ಅವರು ಅತ್ತಿತ್ತ ನೋಡಿ, ಎರಡೂ ಮಾಸ್ಕು ಕೆಳಗಿಳಿಸಿ, ಅವಳ ಹತ್ತಿರ ಸರಿದರು. ಮಗಳನ್ನು ಕರೆಯುವ ಹಾಗೆ ದನಿ ತಗ್ಗಿಸಿ ಕೇಳಿದರು:

"ಮೋಳೇ, ಯಾರಿಗೂ ಹೇಳ್ಬೇಡ. ಆವತ್ತು ಅಷ್ಟೊಂದು ವಾಂತಿ ಆಯ್ತಲ್ಲ, ಅದರಲ್ಲಿ ಒಂದು ಡೋಸೇನಾದ್ರೂ ಹೋಗಿರಬಹುದಾ? ಮತ್ತೊಂದು ಹಾಕಿಸ್ಕೊಳ್ಳೋದು ಒಳ್ಳೇದೇನೋ ಅಂತ."

ಅಶ್ವತಿ ಬಾಯಿ ತೆರೆಯುವ ಮೊದಲೇ ಅಡಿಗೆಮನೆಯಿಂದ ಸಣ್ಣಮ್ಮನವರ ದನಿ, ಎದುರಿನ ಚಹಾದಂಗಡಿಯ ಬೆಂಚಿನವರೆಗೂ ಕೇಳುವ ಹಾಗೆ ಬಂತು.

"ತೋಳಿಗೆ ಚುಚ್ಚಿದ್ದು ಬಾಯಲ್ಲಿ ಬಂದಾತಾ? ಓದಿದೋರಾಗಿ ಇಂಗ್ ಕೇಳ್ತೀರಲ್ಲ, ಅದು ಸೂಜಿ ಕಣಿ, ಮದ್ದಲ್ಲ."