ಕೊಂಡುಕೊಂಡ ಒಂದು ದಿನ

ಉಪ್ಪಣ್ಣ ಬೆಳಿಗ್ಗೆ ಒಂಬತ್ತು ಗಂಟೆಗೆ ತನ್ನ ಮನೆಯ ಬಾಗಿಲಲ್ಲಿ ಸುಮ್ಮನೆ ಕುಳಿತಿದ್ದ. ಆ ದಿನದ ಫಜೀತಿಗೆಲ್ಲ ಕಾರಣ ಇಷ್ಟೇ.

ಬೇರೆ ಯಾರಾದರೂ ಹಾಗೆ ಕುಳಿತಿದ್ದರೆ ಬೀದಿಯ ನಾಯಿಯೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಉಪ್ಪಣ್ಣ ಹತ್ತೊಂಬತ್ತು ವರ್ಷಗಳಿಂದ ಉಪ್ಪಿನ ಪಾತಿಗಳಲ್ಲಿ ಉಪ್ಪು ಎಳೆಯುವವನು. ಆ ಹೆಸರೂ ಅಲ್ಲಿಂದಲೇ ಅಂಟಿದ್ದು. ಹೆತ್ತವರಿಟ್ಟ ಹೆಸರು ಅವನಿಗೇ ಥಟ್ಟನೆ ನೆನಪಾಗುವುದಿಲ್ಲ. ಬೆಳಕು ಹರಿಯುವ ಮುಂಚೆ ಹೊರಟರೆ ಕತ್ತಲಾದ ಮೇಲೇ ಮನೆ. ಉಪ್ಪಿಗೆ ಭಾನುವಾರ ಸೋಮವಾರ ಗೊತ್ತಿಲ್ಲ. ಮಳೆ ಬಂದು ಪಾತಿ ಮುಚ್ಚಿದರೆ ಗೋದಾಮಿನಲ್ಲಿ ಮೂಟೆ ಹೊರುವುದಿರುತ್ತದೆ. ತನ್ನ ಮನೆಯ ಕಿಟಕಿಯಿಂದ ಬೆಳಗಿನ ಬಿಸಿಲು ನೇರ ನೀರಿನ ಕೊಡದ ಮೇಲೆ ಬೀಳುತ್ತದೆ ಎಂಬುದು ಅವನಿಗೆ ಗೊತ್ತಾದದ್ದೇ ಆ ದಿನ.

ಅವನ ಮಗಳಿಗೆ ಆರು ವರ್ಷ. ಅವನು ಹೊರಡುವಾಗಲೂ ಮಲಗಿರುತ್ತಾಳೆ, ಬರುವಾಗಲೂ ಮಲಗಿರುತ್ತಾಳೆ. ಹೀಗಾಗಿ ಶಾಲೆಯಲ್ಲಿ ಒಂದು ಸಂಶಯ ಹುಟ್ಟಿಕೊಂಡಿತ್ತು. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿಯೊಬ್ಬಳು ಇಡೀ ಒಂದನೇ ತರಗತಿಯ ಪರವಾಗಿ ತೀರ್ಪು ಕೊಟ್ಟುಬಿಟ್ಟಿದ್ದಳು.

"ನಿಂಗೆ ಅಪ್ಪಾನೇ ಇಲ್ಲ. ಇದ್ದಿದ್ರೆ ಒಂದಿನಾನಾದ್ರೂ ಕಾಣಿಸ್ತಿದ್ರು."

ಮಗಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅದೇ ಸಮಯಕ್ಕೆ ಯಾವುದೋ ಸಂಸ್ಥೆಯವರ ನೆರವಿನ ಹಣ ಬಂತು. ಬಡವರ ಮನೆಗಳಿಗೆಲ್ಲ ನೇರ ಕೈಗೇ ಹಣ. ಏನು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ, ನಿಮ್ಮಿಷ್ಟ ಎಂದು ಹೇಳಿ ಕೊಟ್ಟವರು ಹೊರಟುಹೋಗಿದ್ದರು. ಪಕ್ಕದ ಮನೆಯ ಅಕ್ಕ ಆಡು ಕೊಂಡಳು. ಉಪ್ಪಣ್ಣನ ಹೆಂಡತಿ ಸೋರುವ ಸೂರಿಗೆ ತಗಡು ಹಾಕಿಸಿ, ಮಗಳಿಗೆ ಚಪ್ಪಲಿ ತಂದಳು. ಆಮೇಲೂ ಸ್ವಲ್ಪ ಉಳಿಯಿತು.

"ಇದ್ರಲ್ಲಿ ಏನು ತಗೊಳ್ಳೋಣ?" ಎಂದು ಉಪ್ಪಣ್ಣ ಕೇಳಿದ.

"ಒಂದು ದಿನ ತಗೊಳ್ಳೋಣ," ಅಂದಳು ಹೆಂಡತಿ. "ನಿಮ್ಮ ಒಂದಿನದ ಕೂಲಿ ಇದ್ರಲ್ಲಿದೆ. ಕೆಲಸಕ್ಕೆ ಹೋಗ್ಬೇಡಿ. ನಾಲ್ಕು ಗಂಟೆಗೆ ಶಾಲೆ ಬಿಡುತ್ತೆ, ಹೋಗಿ ಗೇಟ್ ಹತ್ರ ನಿಂತ್ಕೊಳ್ಳಿ. ಆ ಮಕ್ಕಳೆಲ್ಲ ಕಣ್ತುಂಬ ನೋಡ್ಲಿ."

ಮದುವೆಯಾದಾಗಿನಿಂದ ಅವಳು ಆಡಿದ ಮಾತುಗಳಲ್ಲಿ ಇದರಷ್ಟು ಅವನಿಗೆ ಇಷ್ಟವಾದದ್ದು ಇನ್ನೊಂದಿಲ್ಲ. ಹೊಗಳಬೇಕೆನಿಸಿತು. ಅಭ್ಯಾಸವಿಲ್ಲದ್ದರಿಂದ ಸುಮ್ಮನೆ ಮೂಗು ಒರೆಸಿಕೊಂಡ.

ಇಬ್ಬರ ದಿನ ಕೊಳ್ಳುವಷ್ಟು ಹಣವಿರಲಿಲ್ಲ. ಹಾಗಾಗಿ ಹೆಂಡತಿ ಗೋಣಿಚೀಲ ಹೊಲಿಯಲು ಎಂದಿನಂತೆ ಗೋದಾಮಿಗೆ ಹೋದಳು; ಕತ್ತಲಾಗುವ ತನಕ ಅಲ್ಲಿಂದ ಯಾರನ್ನೂ ಬಿಡುವುದಿಲ್ಲ. ಹೋಗುವ ಮುಂಚೆ ಅವನ ಒಳ್ಳೆಯ ಅಂಗಿಯನ್ನು ಮಡಚಿ ಹಾಸಿಗೆಯ ಕೆಳಗಿಟ್ಟು ಇಸ್ತ್ರಿ ಮಾಡಿದ್ದಳು. ಮಗಳು ಶಾಲೆಯ ದಾರಿ ಹಿಡಿದವಳು ಅಪ್ಪ ಇನ್ನೂ ಇದ್ದಾನೋ ಇಲ್ಲವೋ ಎಂದು ಹತ್ತು ಸಲ ತಿರುಗಿ ನೋಡಿದಳು.

ಅವಳು ಕಣ್ಮರೆಯಾದ ಮೇಲೆ ಪಕ್ಕದ ಮನೆಯ ಅಕ್ಕ ಆಡು ಹಿಡಿದುಕೊಂಡು ಬಂದಳು.

"ಯಾಕಣ್ಣ, ಏನಾಯ್ತು?"

"ಏನಿಲ್ಲಕ್ಕ, ಸುಮ್ನೆ ಕೂತಿದೀನಿ."

"ಸುಮ್ನೆ?" ಅಕ್ಕನ ಕೈಯಿಂದ ಆಡಿನ ಹಗ್ಗ ಜಾರಿತು. "ಎಲ್ಲಿ ನೋವು?"

"ಎಲ್ಲೂ ಇಲ್ಲ."

"ನೋವು ಎಲ್ಲಿದೆ ಅಂತಾನೂ ಗೊತ್ತಾಗ್ತಿಲ್ವಾ? ನಮ್ಮ ಮಾವನಿಗೂ ಕೊನೇಲಿ ಹೀಗೇ ಆಗಿತ್ತು."

ಉಪ್ಪಣ್ಣ ಸತ್ಯ ಹೇಳಿಬಿಡುವುದೇ ಒಳ್ಳೆಯದು ಎಂದುಕೊಂಡ. ಇದು ಅವನ ಎರಡನೇ ತಪ್ಪು.

"ನೆರವಿನ ದುಡ್ಡಲ್ಲಿ ನಾವು ಒಂದು ದಿನ ಕೊಂಡ್ಕೊಂಡಿದೀವಿ ಅಕ್ಕ. ಇವತ್ತೇ ಆ ದಿನ."

ಅಕ್ಕ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ತಲೆಗೇರಿದೆ," ಅಂದಳು ಮೆಲ್ಲಗೆ. ಇದ್ದ ಎರಡು ಕಂಬಳಿಗಳನ್ನೂ ಹೊದಿಸಿ ಅವನನ್ನು ಮಲಗಿಸಿ, ಬೀದಿಗೆ ಸುದ್ದಿ ಹೇಳಲು ಹೋದಳು.

ಹತ್ತೂವರೆಯ ಹೊತ್ತಿಗೆ ಮನೆ ತುಂಬಿತು. ಒಬ್ಬೊಬ್ಬರೂ ಬಂದು ಅವನ ಕಾಲ ಬಳಿ ಕುಳಿತು, ತಮಗೆ ಗೊತ್ತಿದ್ದ ಸಾವುಗಳನ್ನೆಲ್ಲ ನೆನಪಿಸಿಕೊಂಡರು. ಬಂದವರಿಗೆ ಬಾಯಾರಿಕೆಯಾಯಿತು. ಲೋಟ ಎಲ್ಲಿದೆ, ಸಕ್ಕರೆ ಎಲ್ಲಿದೆ ಎಂದು ಯಾರಿಗೂ ತಿಳಿಯದೆ ರೋಗಿಯೇ ಎದ್ದು ಚಹಾ ಮಾಡಿಕೊಟ್ಟ. ಕೊಡದ ನೀರು ಮುಗಿದಾಗ ರೋಗಿಯೇ ಬಾವಿಗೆ ಎರಡು ಸಲ ಹೋಗಿ ಬಂದ. ಪ್ರತಿ ಸಲವೂ ಕೊಡ ಇಳಿಸಿದ ತಕ್ಷಣ ನಾಲ್ಕು ಜನ ಹಿಡಿದು, "ಏಳಬಾರದು ಅಂದ್ರೆ ಕೇಳಲ್ವಲ್ಲ ನೀನು," ಎಂದು ಗದರಿ ಮಲಗಿಸಿದರು. ಇಷ್ಟರಲ್ಲಿ ಹಗ್ಗ ಬಿಚ್ಚಿಕೊಂಡಿದ್ದ ಆಡು ಒಳಗೆ ಬಂದು, ಹಾಸಿಗೆಯ ಕೆಳಗಿನಿಂದ ಇಣುಕುತ್ತಿದ್ದ ಒಳ್ಳೆಯ ಅಂಗಿಯ ಕಾಲರನ್ನು ಅರ್ಧ ತಿಂದುಹಾಕಿತು.

ಮೂರಕ್ಕೆ ಸ್ವಲ್ಪ ಮುಂಚೆ ಉಪ್ಪಿನ ಪಾತಿಯ ಮೇಸ್ತ್ರಿ ಬಂದ. ಅವನು ಯಾವ ಕೂಲಿಯವನ ಮನೆಗೂ ಕಾಲಿಟ್ಟವನಲ್ಲ. ಬಂದವನು ಇದ್ದ ಒಂದೇ ಸ್ಟೂಲಿನ ಮೇಲೆ ಕುಳಿತು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಒಳ್ಳೇ ಮನುಷ್ಯ," ಅಂದ. "ಒಂದಿನ ಎದುರುತ್ತರ ಕೊಟ್ಟೋನಲ್ಲ. ಅವನು ಗುಡ್ಡೆ ಹಾಕಿದ ಉಪ್ಪು ಗಾಳಿಗೂ ಕದಲ್ತಿರ್ಲಿಲ್ಲ."

"ನಾನು ಇಲ್ಲೇ ಇದೀನಿ ಮೇಸ್ತ್ರಿ," ಅಂದ ಉಪ್ಪಣ್ಣ.

"ಮಾತಾಡ್ಬೇಡ, ಆಯಾಸ ಆಗುತ್ತೆ."

ಮೇಸ್ತ್ರಿಯ ಬಾಯಿಂದ ಬೈಗುಳ ಬಿಟ್ಟು ಇನ್ನೇನೂ ಉಪ್ಪಣ್ಣ ಕೇಳಿರಲಿಲ್ಲ. ಇಷ್ಟು ಒಳ್ಳೆಯ ಮಾತು ಸಿಗುವುದಾದರೆ ಇನ್ನೊಂದು ಸ್ವಲ್ಪ ಹೊತ್ತು ಸಾಯುತ್ತಿದ್ದರೂ ನಷ್ಟವಿಲ್ಲ ಅನಿಸಿತು. ಆದರೆ ಮೇಸ್ತ್ರಿಯ ಕೈಗಡಿಯಾರ ಮೂರು ತೋರಿಸುತ್ತಿತ್ತು, ಶಾಲೆಗೆ ಅರ್ಧ ಗಂಟೆಯ ದಾರಿ.

ಅವನು ಏಳಲು ಹೋಗುವುದಕ್ಕೂ, ಯಾರೋ ಕರೆಕಳಿಸಿದ್ದ ಕಾಂಪೌಂಡರ್ ಸೈಕಲ್ಲಿನಿಂದ ಇಳಿಯುವುದಕ್ಕೂ ಸರಿಹೋಯಿತು. ಕಾಂಪೌಂಡರ್ ನಾಡಿ ಹಿಡಿದು ಹುಬ್ಬು ಗಂಟಿಕ್ಕಿದ.

"ನಾಡಿ ಓಡ್ತಿದೆ."

"ನಾನೂ ಓಡ್ಬೇಕು ಸಾರ್. ನಾಲ್ಕಕ್ಕೆ ಮಗಳ ಶಾಲೆ ಹತ್ರ ಇರ್ಬೇಕು."

"ಮಗಳ ಕಡೆ ಜೀವ ಎಳೀತಿದೆ," ಎಂದು ಕಾಂಪೌಂಡರ್ ಮೇಸ್ತ್ರಿಗೆ ಹೇಳಿದ. ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಅಕ್ಕನಂತೂ ತಡೆಯಲಾಗದೆ ಎದ್ದು ಎಲ್ಲಿಗೋ ಹೊರಟುಹೋದಳು. ಸದ್ಯ ಒಬ್ಬರು ಕಡಿಮೆಯಾದರು ಎಂದು ಉಪ್ಪಣ್ಣನಿಗೆ ಸಮಾಧಾನವಾಯಿತು.

ಅರ್ಧ ಗಂಟೆ ಕಣ್ಣು, ನಾಲಿಗೆ ಎಲ್ಲ ಪರೀಕ್ಷಿಸಿ ಕಾಂಪೌಂಡರ್ ಸೂಜಿ ಹುಡುಕಲು ಚೀಲಕ್ಕೆ ಕೈ ಹಾಕಿದಾಗ ಉಪ್ಪಣ್ಣ ಕಿರುಬೆರಳು ತೋರಿಸಿದ. ಅದಕ್ಕೆ ಮಾತ್ರ ಯಾರೂ ಅಡ್ಡಿ ಮಾಡಲಿಲ್ಲ. ಹಿತ್ತಲಿಗೆ ಬಂದವನು ಕಂಕುಳಲ್ಲಿ ಅಡಗಿಸಿ ತಂದಿದ್ದ ಅರ್ಧ ಕಾಲರಿನ ಅಂಗಿ ತೊಟ್ಟು, ಬೇಲಿ ಹಾರಿ, ಗದ್ದೆಗಳನ್ನು ಅಡ್ಡಹಾಯ್ದು ಓಡಿದ. ಗೇಟಿನ ಬಳಿ ತನ್ನನ್ನು ಕಂಡಾಗ ಮಗಳ ಮುಖ ಹೇಗಾಗಬಹುದು ಎಂಬುದೊಂದೇ ಯೋಚನೆ.

ನಾಲ್ಕಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಶಾಲೆ ಮುಟ್ಟಿದ. ಶಾಲೆ ಖಾಲಿಯಾಗಿತ್ತು. ಆಯಾ ಒಬ್ಬಳೇ ಕಸ ಗುಡಿಸುತ್ತಿದ್ದಳು.

"ಮಕ್ಕಳೆಲ್ಲಿ?" ಎಂದು ಏದುಸಿರು ಬಿಡುತ್ತ ಕೇಳಿದ.

"ಒಂದನೇ ಕ್ಲಾಸಲ್ಲಿ ಒಂದು ಹುಡುಗಿ ಇದ್ಯಲ್ಲ, ಉಪ್ಪಿನ ಕೆಲಸದವರದು? ಅವರಪ್ಪ ಕೊನೇ ಉಸಿರಲ್ಲಿದಾರಂತೆ. ಪಕ್ಕದ ಮನೆಯವರು ಬಂದು ಹೇಳಿದ್ರು. ಶಾಲೆ ಬೇಗ ಬಿಟ್ಟು, ಟೀಚರ್ ಆ ಕ್ಲಾಸ್ ಮಕ್ಕಳನ್ನೆಲ್ಲ ಕರ್ಕೊಂಡು ದೊಡ್ಡ ರಸ್ತೇಲಿ ಅವರ ಮನೆಗೇ ಹೋದ್ರು."

"ಅದು ನಾನೇ," ಅಂದ ಉಪ್ಪಣ್ಣ.

ಆಯಾ ಅವನ ಮುಖ ದಿಟ್ಟಿಸಿದಳು. "ಅವರ ತಮ್ಮ ಇರ್ಬೇಕು ನೀನು, ದುಃಖದಲ್ಲಿ ಏನೇನೋ ಹೇಳ್ತಿದೀಯ. ಬೇಗ ಹೋಗಪ್ಪ, ಮುಖನಾದ್ರೂ ನೋಡ್ತೀಯ."

ಬಂದ ದಾರಿಯಲ್ಲೇ ಮತ್ತೆ ಓಡಿದ. ಮನೆಯ ಅಂಗಳದಲ್ಲಿ ಇಪ್ಪತ್ತೈದು ಮಕ್ಕಳು ಕೈ ಕಟ್ಟಿ ನಿಂತಿದ್ದರು. ದೊಡ್ಡವರೆಲ್ಲ, ಟೀಚರೂ ಸೇರಿ, ಕಾಣೆಯಾದ ರೋಗಿಯನ್ನು ಹುಡುಕುತ್ತ ಬಾವಿಯ ಕಡೆ ಹೋಗಿದ್ದರು. ಖಾಲಿ ಹಾಸಿಗೆಯ ಪಕ್ಕ ಮಗಳೊಬ್ಬಳೇ ಅತ್ತು ಮುಖ ಊದಿಸಿಕೊಂಡು ನಿಂತಿದ್ದಳು. ಅವನನ್ನು ಕಂಡು ಓಡಿಬಂದು ಕಾಲು ತಬ್ಬಿಕೊಂಡಳು. ಉಪ್ಪಣ್ಣ ಅವಳನ್ನು ಎತ್ತಿಕೊಂಡ.

"ನೋಡ್ರೇ, ನಮ್ಮಪ್ಪ," ಅಂದಳು ತರಗತಿಗೆ.

ಹಲ್ಲಿಲ್ಲದ ಹುಡುಗಿ ಮುಂದೆ ಬಂದು ಅವನನ್ನು ಕೆಳಗಿನಿಂದ ಮೇಲಿನವರೆಗೆ ಪರೀಕ್ಷಿಸಿದಳು.

"ಇವರಲ್ಲ," ಅಂದಳು. "ನಿಮ್ಮಪ್ಪ ಸಾಯೋ ಹಾಗಿದಾರೆ ಅಂತ ಹೇಳಿದ್ರು. ಇವರು ಓಡ್ಕೊಂಡು ಬಂದ್ರಲ್ಲ. ಇವರು ಬೇರೆ ಯಾರೋ."

ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಮಗಳು ಅವನ ಕುತ್ತಿಗೆ ಸುತ್ತಿದ್ದ ಕೈ ಸಡಿಲಿಸಿ ಅವನ ಮುಖ ನೋಡಿದಳು. ಹಗಲು ಬೆಳಕಿನಲ್ಲಿ ಅಷ್ಟು ಹತ್ತಿರದಿಂದ ಅವಳೂ ಆ ಮುಖವನ್ನು ಹೆಚ್ಚು ನೋಡಿದವಳಲ್ಲ. ಅವಳ ಕಣ್ಣಲ್ಲೂ ಒಂದು ಕ್ಷಣ ಸಂಶಯ ಬಂದುಹೋಯಿತು. ಬೆಳಗಿನಿಂದ ಎಲ್ಲವನ್ನೂ ತಡೆದುಕೊಂಡಿದ್ದ ಉಪ್ಪಣ್ಣನಿಗೆ ಇದೊಂದನ್ನು ತಡೆದುಕೊಳ್ಳಲಾಗಲಿಲ್ಲ.

ಅವನು ಅವಳನ್ನು ಮೆಲ್ಲಗೆ ಇಳಿಸಿ ಒಳಗೆ ಹೋದ. ಹಾಸಿಗೆಯ ಮೇಲೆ ಮಲಗಿ, ಎರಡೂ ಕಂಬಳಿಗಳನ್ನು ಗಲ್ಲದವರೆಗೆ ಎಳೆದುಕೊಂಡು, ಅಂಗಳಕ್ಕೆ ಕೇಳುವಂತೆ ನರಳಿದ.

ಹಲ್ಲಿಲ್ಲದ ಹುಡುಗಿ ಬಂದು ಹಣೆ ಮುಟ್ಟಿ ನೋಡಿದಳು. ಓಡಿ ಬಂದ ಮೈ, ಬಿಸಿಯಾಗಿತ್ತು, ಬೆವರಿತ್ತು.

"ಹೌದು, ಇವರೇ," ಎಂದು ಹೊಸ ತೀರ್ಪು ಕೊಟ್ಟಳು.

ಮಕ್ಕಳು ಸಾಲಾಗಿ ಬಂದು ನೋಡಿದರು. ಮಗಳು ದಿಂಬಿನ ಪಕ್ಕ ಕುಳಿತು ಅವನ ಕೈ ಹಿಡಿದುಕೊಂಡು, "ಇದು ನಮ್ಮಪ್ಪನ ಕೈ. ಒಬ್ಬೊಬ್ಬರೇ ಮುಟ್ಟಬಹುದು," ಎಂದು ಎಲ್ಲರಿಗೂ ಅವಕಾಶ ಕೊಟ್ಟಳು.

ಬಾವಿಯ ಕಡೆಯಿಂದ ವಾಪಸಾದ ಕಾಂಪೌಂಡರ್ ಸೂಜಿ ಚುಚ್ಚಿ, ಇನ್ನು ಮೂರು ದಿನ ಹಾಸಿಗೆ ಬಿಟ್ಟು ಏಳಕೂಡದು ಎಂದ.

"ನಾಲ್ಕು ದಿನಾನೇ ಇರ್ಲಿ," ಅಂದ ಮೇಸ್ತ್ರಿ, ಧಾರಾಳವಾಗಿ. "ಅಲ್ಲೀತನಕ ಬೇರೆಯವನಿಗೆ ಕೆಲಸ ಕೊಡ್ತೀನಿ."

ನಾಲ್ಕು ದಿನದ ಕೂಲಿ ಹೋದಂತೆಯೇ. ನನಗೇನೂ ಆಗಿಲ್ಲ ಎನ್ನಲು ಉಪ್ಪಣ್ಣ ಬಾಯಿ ತೆರೆದ. ಹಲ್ಲಿಲ್ಲದ ಹುಡುಗಿ ಇನ್ನೂ ಅವನನ್ನೇ ನೋಡುತ್ತಿದ್ದಳು. ತೆರೆದ ಬಾಯಿಯಿಂದ ಇನ್ನೊಂದು ಸಲ ನರಳಿ ಕಣ್ಣು ಮುಚ್ಚಿಕೊಂಡ.

ಎಲ್ಲರೂ ಹೋದ ಮೇಲೆ ಮಗಳು ಅವನ ಕಿವಿಯ ಹತ್ತಿರ ಬಗ್ಗಿದಳು.

"ಅಪ್ಪ, ನಾಳೆ ಎರಡನೇ ಕ್ಲಾಸಿನವರು ನೋಡೋಕೆ ಬರ್ತಾರಂತೆ. ಇನ್ನೂ ಸ್ವಲ್ಪ ಜೋರಾಗಿ ನರಳ್ತೀಯಾ?"