ಬೆಲ್ಟಿಗಾಗಿ ಒಂದು ನಿಮಿಷ ಮೌನ

"ಎಂಜಿನ್ ಅಂದ್ರೆ ಏನು ಮಹಾ? ಹಲ್ಲಿರೋ ಚಕ್ರ, ಹಲ್ಲಿರೋ ಬೆಲ್ಟು. ಲೆಕ್ಕ ಸರಿ ಇದ್ರೆ ತಿರುಗಲೇಬೇಕು" ಎಂದು ಗಣಿತದ ಮೇಷ್ಟ್ರು ಭಾನುವಾರ ಬೆಳಗ್ಗೆ ತಿಂಡಿಯ ತಟ್ಟೆಯ ಮುಂದೆ ಘೋಷಿಸಿದರು. ಅವರು ಹೀಗೆ ಘೋಷಣೆ ಮಾಡಿದಾಗಲೆಲ್ಲ ಮನೆಯಲ್ಲಿ ಒಂದು ಸಾಮಾನು ಕಡಿಮೆಯಾಗುವುದು ವಾಡಿಕೆ. ಕಳೆದ ಸಲ ಅವರು ರಿಪೇರಿ ಮಾಡಿದ ಇಸ್ತ್ರಿ ಪೆಟ್ಟಿಗೆ ಈಗಲೂ ಇದೆ; ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡಲು ಬಹಳ ಅನುಕೂಲ.

ಈ ಸಲದ ವಿಷಯ ಮಾತ್ರ ಹುಡುಗಾಟದ್ದಲ್ಲ. ಮೇಷ್ಟ್ರ ಹೆಂಡತಿ ನರ್ಸು. ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ, ಅವರು ವರ್ಷಗಟ್ಟಲೆ ಆಸೆಪಟ್ಟಿದ್ದ ಮಕ್ಕಳ ವಾರ್ಡಿನಲ್ಲಿ, ಮರುದಿನ ಬೆಳಗ್ಗೆ ಏಳಕ್ಕೆ ಮೊದಲ ಡ್ಯೂಟಿ. ಅಷ್ಟು ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಕಾರಿನ ಟೈಮಿಂಗ್ ಬೆಲ್ಟು ಬಿರುಕು ಬಿಟ್ಟಿದೆ, ಅದು ಹರಿದರೆ ಎಂಜಿನ್ ಒಳಗೊಳಗೇ ಬಡಿದುಕೊಂಡು ಪುಡಿಯಾಗುತ್ತದೆ, ಓಡಿಸಲೇಬೇಡಿ ಎಂದು ಹೇಳಿದ ಮೆಕ್ಯಾನಿಕ್ಕು ಆ ಒಳ್ಳೆಯ ಸುದ್ದಿಯನ್ನೂ ಒಂದು ಹೊಸ ಬೆಲ್ಟನ್ನೂ ಕೊಟ್ಟು ತಾನು ನೆಂಟರ ಮನೆಗೆ ಹೊರಟುಹೋಗಿದ್ದ.

"ಬೇರೆ ಯಾರಾದ್ರೂ ಸಿಗ್ತಾರಾ ನೋಡೋಣ ರೀ" ಎಂದರು ಹೆಂಡತಿ.

"ಭಾನುವಾರ ಯಾರು ಸಿಗ್ತಾರೆ? ನಾನಿದ್ದೀನಲ್ಲ, ಭಯ ಯಾಕೆ?"

"ನೀವಿದ್ದೀರಲ್ಲ, ಅದಕ್ಕೇ ಭಯ."

ಆದರೆ ನಿಜ ಹೇಳಬೇಕೆಂದರೆ, ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಮನೆಗೆ ಅಂಟಿದ ಕಾರ್ ಶೆಡ್ಡಿನಲ್ಲಿ ಹಳೆಯ ಬೆಲ್ಟು ಬಿಚ್ಚಿ, ಗುರುತಿಗೆ ಗುರುತು ಕೂಡಿಸಿ, ಹೊಸದನ್ನು ಹಾಕಿಯೇಬಿಟ್ಟಿದ್ದರು. ಒಂದು ಬೋಲ್ಟೂ ಮಿಕ್ಕಿರಲಿಲ್ಲ! ಉಳಿದದ್ದು ಬಿಗಿ ನೋಡುವುದೊಂದೇ. ಸಡಿಲವಾದರೆ ಬೆಲ್ಟು ಹಲ್ಲು ತಪ್ಪುತ್ತದೆ, ಬಿಗಿ ಹೆಚ್ಚಾದರೆ ಬೇಗ ಸವೆಯುತ್ತದೆ. ಮೇಷ್ಟ್ರು ನೋಡಿದ್ದ ವಿಡಿಯೊದಲ್ಲಿ ಒಬ್ಬ ಪುಣ್ಯಾತ್ಮ ಅದಕ್ಕೆ ಸುಲಭದ ದಾರಿ ತೋರಿಸಿದ್ದ. ಬೆಲ್ಟನ್ನು ತಂತಿಯ ಹಾಗೆ ಬೆರಳಿನಿಂದ ಮೀಟಬೇಕು, ಫೋನನ್ನು ಹತ್ತಿರ ಹಿಡಿಯಬೇಕು, ಫೋನು ಆ ನಾದವನ್ನು ಅಳೆದು ಅಂಕಿ ತೋರಿಸುತ್ತದೆ. ತೊಂಬತ್ತೆರಡು ಬಂದರೆ ಸರಿ. ಹೆಚ್ಚುಕಡಿಮೆ ಬಂದರೆ, ಬೆಲ್ಟನ್ನು ಒತ್ತಿ ಹಿಡಿಯುವ ರಾಟೆಯನ್ನು ಒಂದಿಷ್ಟು ತಿರುಗಿಸಿದರಾಯಿತು.

ಮೇಷ್ಟ್ರು ಮೀಟಿದರು. ಫೋನು ಬೆಲ್ಟಿನ ಮಾತೊಂದನ್ನು ಬಿಟ್ಟು ಮಿಕ್ಕವರ ಮಾತನ್ನೆಲ್ಲ ಕೇಳಿಸಿಕೊಂಡಿತು. ಫ್ಯಾನಿಗೊಂದು ಅಂಕಿ, ಗೋಡೆಯಾಚೆಯ ಫ್ರಿಜ್ಜಿಗೊಂದು ಅಂಕಿ. ಎಲ್ಲಕ್ಕಿಂತ ದೊಡ್ಡ ಅಂಕಿ ಅತ್ತೆಯವರದು. ಹೆಂಡತಿಯ ತಾಯಿ ನಿವೃತ್ತ ಸಂಗೀತದ ಟೀಚರು. ಬೀದಿಯ ಜನ ಗಡಿಯಾರ ನೋಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅತ್ತೆಯವರ ದನಿ ಏರಿದರೆ ಏಳಬೇಕು, ಇಳಿದರೆ ಊಟ ಮಾಡಬೇಕು.

ಮೇಷ್ಟ್ರು ಫ್ಯಾನು ನಿಲ್ಲಿಸಿದರು, ಫ್ರಿಜ್ಜು ಆರಿಸಿದರು. ಆಮೇಲೆ ಧೈರ್ಯ ತಂದುಕೊಂಡು ಅತ್ತೆಯವರ ಮುಂದೆ ನಿಂತು, ಸಂಜೆಯವರೆಗೆ ದಯವಿಟ್ಟು ಹಾಡಬೇಡಿ, ಮಾತೂ ಆಡಬೇಡಿ ಎಂದು ಕೈಮುಗಿದರು.

"ನಿಮ್ಮ ಮಾವನವರು ಇಷ್ಟು ಧೈರ್ಯ ಮಾಡದೇನೇ ಹೋಗಿಬಿಟ್ರು" ಎಂದರು ಅತ್ತೆ. ಆದರೂ ಮಗಳ ಕೆಲಸದ ವಿಷಯವಾದ್ದರಿಂದ ಒಪ್ಪಿ, ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು. ಹೆಂಡತಿ ಹೊಸ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಸಿಕೊಂಡು ಬರಲು ಅಂಗಡಿಗೆ ಹೋದರು. ಮನೆಯ ಇಸ್ತ್ರಿ ಪೆಟ್ಟಿಗೆ ಬಾಗಿಲು ಕಾಯುತ್ತಿತ್ತಲ್ಲ.

ಅದೇ ಹೊತ್ತಿಗೆ ಸಂಗೀತ ಕಲಿಯುವ ಇಬ್ಬರು ಹುಡುಗಿಯರು ಬಂದರು. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು, ಮುಚ್ಚಿದ ಕೋಣೆಯ ಕಡೆ ಕೈ ತೋರಿಸಿ, ಇಲ್ಲ ಎಂದು ತಲೆಯಾಡಿಸಿದರು. ಅವರ ಕಣ್ಣಿಗೆ ಬೆವರಿನ ಜೊತೆ ಎಣ್ಣೆ ಇಳಿದು ಕೆಂಪಗಾಗಿ ನೀರು ಸುರಿಯುತ್ತಿತ್ತು. ಹುಡುಗಿಯರು ಮನೆಗೆ ಹೋಗಿ ಕಂಡದ್ದನ್ನಷ್ಟೇ ಹೇಳಿದರು, ಪಾಪ. ಟೀಚರ ಬಾಗಿಲು ಮುಚ್ಚಿದೆ, ಹಾಡಿಲ್ಲ, ಮಾತಿಲ್ಲ, ಮೇಷ್ಟ್ರ ಕಣ್ಣಲ್ಲಿ ನೀರು. ಮಿಕ್ಕದ್ದನ್ನು ಬೀದಿಯೇ ಪೂರ್ತಿ ಮಾಡಿತು.

ಮೊದಲು ಬಂದವರು ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ತುಟಿಗೆ ಬೆರಳಿಟ್ಟರು. ಅವರು ಅರ್ಥವಾಯಿತೆನ್ನುವಂತೆ ತಲೆದೂಗಿ, ಚಪ್ಪಲಿ ಕಳಚಿ, ಮೇಷ್ಟ್ರ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಒಂದು ಬೆಲ್ಟು ಹಾಕಿದ್ದಕ್ಕೆ ಇಷ್ಟು ಮರ್ಯಾದೆಯೇ ಎಂದು ಮೇಷ್ಟ್ರ ಮನಸ್ಸು ತುಂಬಿಬಂತು. ಹಿಂದೆಯೇ ದರ್ಜಿ, ಅವನ ಹೆಂಡತಿ, ಹಾಲಿನವನು, ಹಳೆಯ ಶಿಷ್ಯರು. ಕೆಲವರ ಕೈಯಲ್ಲಿ ಹೂವು. ಯಾರು ಬಂದರೂ ಮೇಷ್ಟ್ರದು ಒಂದೇ ಬೆರಳು, ಒಂದೇ ತುಟಿ. ಎಲ್ಲರೂ ತಲೆ ತಗ್ಗಿಸಿ ಸಾಲಾಗಿ ನಿಂತರು. ತಮ್ಮ ತರಗತಿಯಲ್ಲಿ ಇಷ್ಟು ವರ್ಷ ಸಿಗದ ಶಿಸ್ತು ಕಾರ್ ಶೆಡ್ಡಿನಲ್ಲಿ ಸಿಕ್ಕಿದ್ದಕ್ಕೆ ಮೇಷ್ಟ್ರಿಗೆ ಹೆಮ್ಮೆ!

ಅವರು ಮೀಟಿದರು. ತೊಂಬತ್ತೆರಡು! ಸಂಶಯ ಬೇಡವೆಂದು ರಾಟೆ ಬಿಗಿ ಮಾಡಿ ಮೀಟಿದರು. ತೊಂಬತ್ತೆರಡು. ಸಡಿಲ ಮಾಡಿದರು. ಆಗಲೂ ತೊಂಬತ್ತೆರಡು. ಬಿಗಿ ಮಾಡಿದರೂ ಅದೇ, ಬಿಟ್ಟರೂ ಅದೇ ಎಂದರೆ ಇದೆಂಥ ಲೆಕ್ಕ ಎಂದು ಅವರು ತಲೆ ಕೆರೆದುಕೊಳ್ಳುತ್ತಿರುವಾಗ ಗೇಟಿನಲ್ಲಿ ಹೆಂಡತಿ ಕಾಣಿಸಿಕೊಂಡರು.

ಅವರು ಕಂಡದ್ದು ತಲೆ ತಗ್ಗಿಸಿದ ಜನ, ಹೂವು, ಬಾನೆಟ್ಟು ತೆರೆದ ಕಾರು. ಗಂಡ ಕಾಣಲಿಲ್ಲ. ಇಸ್ತ್ರಿ ಮಾಡಿದ ಯೂನಿಫಾರ್ಮು ಕೈಜಾರಿ ಮಣ್ಣಿಗೆ ಬಿತ್ತು. "ಬೇಡಾಂದೆ, ಕೇಳಿದ್ರಾ ನನ್ನ ಮಾತು!" ಎಂದು ಕೂಗುತ್ತ ಜನರನ್ನು ತಳ್ಳಿಕೊಂಡು ಓಡಿಬಂದರು. ಬಾನೆಟ್ಟಿನ ಹಿಂದಿನಿಂದ ಗಂಡ ಮಸಿ ಮುಖವೆತ್ತಿ ತುಟಿಗೆ ಬೆರಳಿಟ್ಟರು. ಹೆಂಡತಿ ಅವರ ಕೊರಳಪಟ್ಟಿ ಹಿಡಿದುಕೊಂಡು ಅತ್ತರು. ಆ ಅಳು ನೋಡಿ ಮೇಷ್ಟ್ರಿಗೆ ಗಾಬರಿಯೂ ಆಯಿತು, ತಾನು ಇಷ್ಟು ಬೇಕಾದವನೇ ಎಂದು ಒಳಗೊಳಗೇ ಸುಖವೂ ಆಯಿತು.

ಗಲಾಟೆಗೆ ಅತ್ತೆಯವರು ಬಾಗಿಲು ತೆರೆದು ಹೊರಗೆ ಬಂದರು. ದರ್ಜಿಯ ಹೆಂಡತಿ ಕಿಟ್ಟನೆ ಕಿರುಚಿದಳು. ಮೂಲೆಯಲ್ಲಿ ಅಷ್ಟು ಹೊತ್ತಿನಿಂದ 'ಹ್ಞೂಂ' ಎಂದು ಒಂದೇ ಸಮನೆ ಮೂಗಿನಲ್ಲೇ ಅಳುತ್ತಿದ್ದ ಪೋಸ್ಟ್‌ಮಾಸ್ಟರು ಗಪ್ಪನೆ ಅಳು ನಿಲ್ಲಿಸಿದರು. ಅದರ ಜೊತೆಗೇ ಫೋನಿನ ತೊಂಬತ್ತೆರಡೂ ಮಾಯವಾಯಿತು.

ಮೇಷ್ಟ್ರು ಇಷ್ಟು ಹೊತ್ತು ಅಳೆದದ್ದು ಪೋಸ್ಟ್‌ಮಾಸ್ಟರ ದುಃಖವನ್ನು.

ವಿಷಯ ತಿಳಿದ ಮೇಲೆ ಕೆಲವರು ನಕ್ಕರು, ಹಳೆಯ ಶಿಷ್ಯರು ಅತ್ತೆಯವರನ್ನು ತಬ್ಬಿಕೊಂಡರು. ತಮ್ಮ ಹಾಡಿನಿಂದ ಬೀದಿಗೆಲ್ಲ ತಲೆನೋವು ಎಂದೇ ತಿಳಿದಿದ್ದ ಅತ್ತೆಯವರು ಹೂವುಗಳನ್ನು ಮಡಿಲಲ್ಲಿ ತುಂಬಿಕೊಂಡು ಕಣ್ಣೊರೆಸಿಕೊಂಡರು. ಹೇಗೂ ಬಂದಿದ್ದೀರಿ, ಅಳಿಯಂದಿರ ಕೆಲಸ ಮುಗಿಯುವವರೆಗೆ ಉಸಿರೆತ್ತಬೇಡಿ ಎಂದು ಎಲ್ಲರಿಗೂ ಅಪ್ಪಣೆಯಾಯಿತು. ಅತ್ತೆಯವರು ಕೈಯೆತ್ತಿದರು. ಬೀದಿಗೆ ಬೀದಿಯೇ ಸ್ತಬ್ಧ. ಮೇಷ್ಟ್ರು ಮೀಟಿದರು, ತಿರುಗಿಸಿದರು, ಮತ್ತೆ ಮೀಟಿದರು. ಈ ಸಲ ಬಂದ ತೊಂಬತ್ತೆರಡು ಬೆಲ್ಟಿನದೇ. ಬೀಗದ ಕೈ ತಿರುಗಿಸಿದಾಗ ಎಂಜಿನ್ ಒಂದೇ ಸಲಕ್ಕೆ ಎದ್ದು ಮೆಲ್ಲಗೆ ಗುನುಗಿತು. ಜನ ಚಪ್ಪಾಳೆ ತಟ್ಟಿದರು.

ಬೀದಿಯ ಸುದ್ದಿ ಆಸ್ಪತ್ರೆಗೂ ಮುಟ್ಟಿತ್ತೇನೋ, ಆಗ ಹೆಂಡತಿಯ ಫೋನಿಗೆ ಅಲ್ಲಿಂದ ಸಂದೇಶ ಬಂತು. ತಾಯಿಯವರ ಸುದ್ದಿ ಕೇಳಿ ತುಂಬ ನೋವಾಯಿತು, ನಾಳೆಯ ಡ್ಯೂಟಿ ಬೇರೆಯವರಿಗೆ ಕೊಟ್ಟಿದ್ದೇವೆ, ನೀವು ಮುಂದಿನ ವಾರ ಬನ್ನಿ. ಹೆಂಡತಿ ಕೂಡಲೇ ಫೋನು ಮಾಡಿ ತಾಯಿ ಬದುಕಿದ್ದಾರೆಂದು ಕ್ಷಮೆ ಕೇಳಿಕೊಂಡರು. ಆ ಕಡೆಯವರು ನಕ್ಕು, ಸಂತೋಷ, ಕೆಲಸ ಎಲ್ಲೂ ಹೋಗುವುದಿಲ್ಲ, ಆದರೂ ಮುಂದಿನ ವಾರವೇ ಬನ್ನಿ ಎಂದರು.

ಇಷ್ಟೆಲ್ಲ ಒದ್ದಾಡಿ ಸಿದ್ಧಮಾಡಿದ ಕಾರಿಗೆ ನಾಳೆ ಕೆಲಸವೇ ಇಲ್ಲ! ಆದರೂ ಮೇಷ್ಟ್ರು ಎದೆಗುಂದಲಿಲ್ಲ. "ಹಾಗಾದ್ರೆ ನಾಳೆ ಎಲ್ಲರೂ ಕಾರಲ್ಲಿ ಒಂದು ಸುತ್ತು ಹೋಗಿಬರೋಣ. ಅತ್ತೆ, ನೀವೇ ಮುಂದಿನ ಸೀಟು" ಎಂದರು.

ಅತ್ತೆಯವರು ಕಾರನ್ನು ನೋಡಿದರು, ಅಳಿಯನನ್ನು ನೋಡಿದರು, ಮಡಿಲಿನ ಹೂವನ್ನೂ ನೋಡಿದರು.

"ಬೇಡಪ್ಪ. ಪಾಪ, ಜನ ಈಗ ತಾನೇ ಅತ್ತು ಹೋಗ್ತಿದ್ದಾರೆ. ನಾಳೇನೂ ಬನ್ನಿ ಅಂತ ಯಾವ ಮುಖ ಇಟ್ಕೊಂಡು ಕರೀಲಿ?"